ಬಿಳಿ ಮುದುಕನ ಕ್ಯಾಸೆಟ್ಟು, ನಿನ್ನ ಬ್ಯಾಂಡು

ಹಿರಿಯಣ್ಣ ಹನುಮಂತನಿಗೆ, ನಿನ್ನ ಬೆನ್ನಿಗೆ ಹುಟ್ಟಿದ ತಂಗಿ ಈರಮ್ಮ ಮಾನ್ವಿಯಿಂದ ಬರೆಯುವುದು.

ನೀನು ಹೋಗಿ ಎರಡು ಜೋಳದ ಸುಗ್ಗಿ ಮುಗಿದವು. ಜಾಲಹಳ್ಳಿ ಸಾಲೆಯಲ್ಲಿ ನಾಲ್ಕನೇ ತರಗತಿಗೆ ನಿಂತುಹೋದ ನನ್ನ ಅಕ್ಷರ ನೋಡಿ, ಕೋಳಿ ಕೆದರಿದಂತಿದೆ ಎಂದು ನಗುತ್ತಿದ್ದೆಯಲ್ಲ, ಈಗಲೂ ನಗು. ಮೊಮ್ಮಗಳು ಬಗ್ಗಿ ನೋಡಿ, "ಸತ್ತವರಿಗೆ ಯಾರರ ಪತ್ರ ಬರೀತಾರೇನಬೇ?" ಎಂದು ಕೇಳಿದಳು. "ಬದುಕಿದ್ದಾಗ ಅಂವ ನನಗ ಮಾತಾಡಾಕ ಎಲ್ಲಿ ಬಿಟ್ಟಿದ್ದ? ಈಗ ಅಡ್ಡ ಬಾಯಿ ಹಾಕಂಗಿಲ್ಲ" ಎಂದೆ.

ನಿನ್ನ ಲಗ್ನದ ಬ್ಯಾಂಡಿನ ಡೋಲಿಗೆ ಚರ್ಮ ತರುತ್ತೇನೆಂದು ರಾಯಚೂರಿಗೆ ಹೋದವನು ಹಳೆಯ ಟೇಪು, ಒಂದು ಕ್ಯಾಸೆಟ್ಟು ಬಗಲಲ್ಲಿಟ್ಟುಕೊಂಡು ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಕ್ಯಾಸೆಟ್ಟಿನ ಮೇಲೊಬ್ಬ ಬಿಳಿ ಮನುಷ್ಯ, ನರೆತ ಗಡ್ಡ, ಹೆಗಲ ತನಕ ಕೂದಲು. "ಇಂಗ್ಲೆಂಡಿನಾವ ತಂಗೀ. ಬ್ಲೂಸ್ ಅಂತಾರ ಇದಕ್ಕ. ಖೋಲಿ ಬಾಗಲಾ ಹಾಕ್ಕೊಂಡು ಬಾರಿಸಿದ್ದಲ್ಲ, ಮಂದಿ ಮುಂದ ಬಾರಿಸಿದ್ದು. ನಮ್ಮಂಗ!" ಎಂದೆ. ಹಚ್ಚಿದರೆ ಒಂದೇ ಗೋಳು. "ಹೆಂಡ್ತಿ ತವರಿಗೆ ಹೋಗ್ಯಾಳೇನೋ ಪಾಪ" ಎಂದು ನಾನು ಆಡಿಕೊಂಡೆ. ಆದರೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಯಾವಾಗ ಅವನ ತಾಳಕ್ಕೆ ಬಿತ್ತೋ ನನಗೇ ತಿಳಿಯಲಿಲ್ಲ. ಗೋಳನ್ನು ಹೀಗೂ ಹಾಡಬಹುದೇ, ಕೇಳಿದವರ ಕಾಲು ಸುಮ್ಮನೆ ಕೂಡದ ಹಾಗೆ? ನಡುನಡುವೆ ಜನ ಕೆಮ್ಮುವುದು, ಸಿಳ್ಳೆ ಹಾಕುವುದು, ಯಾರೋ ಹೆಣ್ಣುಮಗಳು ನಕ್ಕದ್ದು ಎಲ್ಲ ಕೇಳಿಸುತ್ತಿತ್ತು. ಆ ಮಂದಿಯ ನಡುವೆ ನಾವೂ ಚಾಪೆ ಹಾಸಿ ಕೂತಂತೆ.

ಆಮೇಲೆ ಆ ಹೆಸರುಗಳ ಗೊಂದಲ. ಹಾಡಿನ ನಡುವೆ ಮುದುಕ ಒಂದೊಂದೇ ಹೆಸರು ಕೂಗುವುದು, ಜನ ಚಪ್ಪಾಳೆ ಹೊಡೆಯುವುದು. ನಮ್ಮ ಬಯಲಾಟದಲ್ಲಿ ಯಾರಾದರೂ ಆಯೇರಿ ಎಂದು ರೊಕ್ಕ ಕೊಟ್ಟರೆ ಆಟ ನಿಲ್ಲಿಸಿ ಅವರ ಹೆಸರು ಕೂಗುತ್ತಾರಲ್ಲ, ಇದೂ ಅದೇ ಎಂದುಕೊಂಡೆವು. "ಏನು ಕೊಟ್ರು ಅಂತ ಹೇಳವಲ್ಲ ನೋಡು, ಕಂಜೂಸರು" ಎಂದೆ ನಾನು. ನಿನ್ನ ಬ್ಯಾಂಡಿನ ಕ್ಲಾರಿನೆಟ್ಟಿನವನು ಪೋತ್ನಾಳದ ಖಾಜಾ ಅಲ್ಲೇ ಇದ್ದ. "ವಿಲಾಯತಿ ಮಂದಿ ಅಕ್ಕಾ, ಇಜ್ಜತ್ತಿನವರು. ಕೊಟ್ಟಿದ್ದು ಹೇಳ್ಕೊಳ್ಳಂಗಿಲ್ಲ" ಎಂದ. ಒಂದು ಮಳೆಗಾಲವೆಲ್ಲ ನಾವು ಹಾಗೆಯೇ ನಂಬಿದ್ದೆವು, ನೆನಪಿದೆಯೇ? ಒಂದು ದಿನ ನೀನು ಊಟದ ತಾಟು ಬಿಟ್ಟು ಎದ್ದೆ. "ಕೇಳು! ಒಂದು ಹೆಸರು, ಅದರ ಹಿಂದ ಒಂದ ವಾದ್ಯ. ಇವು ಕೊಟ್ಟವರ ಹೆಸರಲ್ಲಬೇ, ಬಾರಿಸೋರ ಹೆಸರು!"

ಹಾಗಂದವನೇ ಮೂಲೆಯ ಕಡೆ ತಿರುಗಿ ನೋಡಿದೆ. ನಮ್ಮ ದೊಡ್ಡ ಡೋಲಿನ ಮೇಲೆ ನಿನ್ನದೊಂದೇ ಹೆಸರಿತ್ತು. ಮೀಸೆ ಮೂಡುವ ಮೊದಲೇ ಬಂದು, ನಿನ್ನ ಬೈಗುಳ ತಿಂದು ಕಲಿತ ಖಾಜಾನ ಹೆಸರು ಎಷ್ಟು ಮಂದಿಗೆ ಗೊತ್ತಿತ್ತು?

ಅದೇ ಮುದುಕ ಮಂದಿಯ ಮುಂದೆ ಬಾರಿಸಿದ ಇನ್ನೆರಡು ಕ್ಯಾಸೆಟ್ಟು ನೀನು ತಂದೆ. ದನಿ ಅದೇ, ಆದರೆ ಕೂಗುವ ಹೆಸರು ಬೇರೆ, ಗಿಟಾರಿನ ಕೈ ಬೇರೆ. ಅಂಗಡಿಯವನು ಹೇಳಿದನಂತೆ, ಮುದುಕನ ಹತ್ತಿರ ಪಳಗಿದವರು ಹೋಗಿ ಸ್ವಂತ ಬ್ಯಾಂಡು ಕಟ್ಟುತ್ತಾರೆ, ಅವನು ಹೊಸಬರನ್ನು ಕರೆದು ಮತ್ತೆ ಶುರು ಮಾಡುತ್ತಾನೆ ಎಂದು. ಆ ಮಾತು ನಿನಗೆ ಮುಳ್ಳಿನಂತೆ ಚುಚ್ಚಿತು. ಯಾಕೆಂದರೆ ಅದೇ ವಾರ ಖಾಜಾ ಬಂದು, "ಉಸ್ತಾದ್, ಪೋತ್ನಾಳದಾಗ ನಂದೇ ಒಂದು ಬ್ಯಾಂಡು ಕಟ್ತೀನ್ರಿ" ಎಂದಿದ್ದ. ಬಿಟ್ಟು ಹೋಗುವವನು ಬ್ಯಾಂಡಿನ ಕೋಟು ಬಿಚ್ಚಿಟ್ಟು ಹೋಗಬೇಕು, ಮತ್ತೆ ಎದುರಿಗೆ ಬಂದರೂ ಮಾತಿಲ್ಲ. ಇದು ಬ್ಯಾಂಡಿನವರ ಕಟ್ಟಳೆ. "ಕೋಟು ಇಡು, ನಡಿ!" ಎಂದು ನೀನು ಓಣಿ ಹಾರಿಹೋಗುವಂತೆ ಒದರಿದ್ದೆ. ಲಗ್ನದ ಹಂಗಾಮು ಎದುರಿಗಿತ್ತು. ಕ್ಲಾರಿನೆಟ್ಟು ಹೋದರೆ ನಿನ್ನ ಬ್ಯಾಂಡು ಮೂಕ. ಅದು ನನಗೂ ಗೊತ್ತಿತ್ತು.

ಮರುದಿನ ನೀನು ನನ್ನ ಕಟ್ಟೆಯ ಮೇಲೆ ಕೂತು ಕ್ಯಾಸೆಟ್ಟಿನ ಒಂದೇ ಜಾಗವನ್ನು ತಿರುತಿರುಗಿ ಹಚ್ಚಿದೆ. ಹೊಸ ಗಿಟಾರಿನವನೊಬ್ಬ ಅಲ್ಲಿ ತಡವರಿಸುತ್ತಾನೆ. ಮುದುಕ ನಿಲ್ಲಿಸುವುದಿಲ್ಲ. ತನ್ನ ಬಾಯಿಬಾಜಾ ಮೆಲ್ಲಗೆ ಮಾಡಿ, ಅವನು ದಾರಿ ಹಿಡಿಯುವ ತನಕ ಕಾಯುತ್ತಾನೆ.

"ಬೈಯವಲ್ಲ ನೋಡಬೇ, ಕಾಯಾಕತ್ಯಾನ."

"ಅದಕ್ಕ ಅಂವ ಕ್ಯಾಸೆಟ್ಟಿನ್ಯಾಗದಾನ, ನೀ ನನ್ನ ಕಟ್ಟಿ ಮ್ಯಾಲದಿ" ಎಂದೆ.

ತಿರುಗಿ ಬೈಯುವ ಬದಲು ನೀನು ಮತ್ತೆ ಅದೇ ಜಾಗ ಹಚ್ಚಿದೆ. ನಿನ್ನ ಮನಸ್ಸು ತಿರುಗುತ್ತಿದೆ ಎಂದು ಅವತ್ತೇ ನನಗೆ ಅನುಮಾನ ಬಂತು.

ದೇವದುರ್ಗದ ಲಗ್ನ. ಮೊದಲೇ ಒಪ್ಪಿಕೊಂಡದ್ದನ್ನು ಮುಗಿಸಿ ಹೋಗುತ್ತೇನೆಂದು ಖಾಜಾ ಕೋಟು ತೊಟ್ಟೇ ಬಂದಿದ್ದ; ನಿನ್ನ ಬ್ಯಾಂಡಿನಲ್ಲಿ ಅವನಿಗೆ ಅದೇ ಕೊನೆಯ ಮೆರವಣಿಗೆ. ಬಸ್ ನಿಲ್ದಾಣದ ಮುಂದೆ ನೀನು ಕೈ ಎತ್ತಿ ಬ್ಯಾಂಡು ನಿಲ್ಲಿಸಿದೆ. ಮದುಮಗನ ಸೋದರಮಾವ, ಆಯೇರಿ ಕೇಳುತ್ತಾರೇನೋ ಎಂದು ಕಿಸೆಗೆ ಕೈ ಹಾಕಿದ. ನೀನು ಕೂಗಿದೆ: "ಕ್ಲಾರಿನೆಟ್ಟು ಊದಾಕತ್ತಿದ್ದು ಪೋತ್ನಾಳದ ಖಾಜಾಸಾಬ! ನಾಳಿಂದ ಇವನದೇ ಬ್ಯಾಂಡು. ಲಗ್ನ ಇದ್ದವರು ಇವನನ್ನೂ ಕರೀರಿ!" ಖಾಜಾ ಊದಲು ಹೋಗಿ ತಡವರಿಸಿದ. ನೀನು ಡೋಲು ಸಣ್ಣಗೆ ಬಡಿಯುತ್ತಾ ನಿಂತೆ. ಆಮೇಲೆ ಅವನು ಊದಿದನಲ್ಲ... ನಾನು ಹೆಂಗಸರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಕೊನೆಗೆ ಅವನು ಕೋಟಿನ ಗುಂಡಿಗೆ ಕೈ ಹಾಕಿದರೆ, "ಬಿಚ್ಚಿದಿ ಅಂದ್ರ ಕಾಲು ಮುರಿತೀನಿ ಮಗನ" ಎಂದೆ ನೀನು. ಆ ವರ್ಷ ನಿನಗೆ ಬಂದ ಲಗ್ನಗಳು ಕಡಿಮೆ. ಒಂದು ದಿನವಾದರೂ ಹಲುಬಿದೆಯಾ? ನಾನಾಗಿದ್ದರೆ ಊರೆಲ್ಲ ಹೇಳಿಕೊಂಡು...

ಈಗ ಸುದ್ದಿ ಕೇಳು. ಹೋದ ಅಮಾವಾಸ್ಯೆಗೆ ಖಾಜಾ ಬುಸುಗುಡುತ್ತಾ ನಮ್ಮ ಮನೆಗೆ ಬಂದ. ಅವನ ಬ್ಯಾಂಡಿನ ಟ್ರಂಪೆಟ್ಟಿನ ರಂಗಪ್ಪ ಯರಗೇರಾದಲ್ಲಿ ಬೇರೆ ಬ್ಯಾಂಡು ಕಟ್ಟುತ್ತಿದ್ದಾನೆ. "ನಮಕ್ ಹರಾಮ್ ಅಕ್ಕಾ! ಊದೋದು ನಾ ಕಲಿಸೀನಿ ಅವಂಗ!"

"ನಿನಗ ಯಾರು ಕಲಿಸಿದ್ರಪಾ?" ಎಂದೆ, ಅಷ್ಟೇ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ನನಗೆ ತಡೆಯಲಾಗಲಿಲ್ಲ. ರಂಗಪ್ಪನ ಮೊದಲ ಲಗ್ನ ನೋಡಲು ಮೊನ್ನೆ ಬಸ್ಸು ಹತ್ತಿ ಯರಗೇರಾಕ್ಕೆ ಹೋದೆ. ಮುಂದೆ ರಂಗಪ್ಪ ಎದೆ ಉಬ್ಬಿಸಿ ನಡೆಯುತ್ತಿದ್ದ. ಕಟ್ಟಕಡೆಯ ಸಾಲಿನಲ್ಲಿ, ತೋಳು ಗಿಡ್ಡವಾದ ಯಾರದೋ ಹೊಸ ಕೋಟು ತೊಟ್ಟು, ಬೆವರು ಸುರಿಸುತ್ತಾ ನಮ್ಮ ಖಾಜಾ ಕ್ಲಾರಿನೆಟ್ಟು ಊದುತ್ತಿದ್ದ.

ಮೆರವಣಿಗೆ ನಿಂತಾಗ ಹತ್ತಿರ ಹೋಗಿ, "ಏನೋ ಉಸ್ತಾದಾ, ಹಿಂದಿನ ಸಾಲಿನ್ಯಾಗ?" ಎಂದು ಕೇಳಿದೆ.

"ಪಾಪ, ಅವಂಗ ಕ್ಲಾರಿನೆಟ್ಟಿನವ ಸಿಕ್ಕಿಲ್ಲಕ್ಕಾ" ಎಂದ. "ಸಿಗೋ ತನಕ."