ನಲವತ್ತೆರಡು ಡಿಗ್ರಿ

ಮಾರ್ಚ್ 3, ಸೋಮವಾರ

ಲ್ಯಾಬಿನ ಬಾಟಲಿಗಳನ್ನೆಲ್ಲ ತೊಳೆದಿಟ್ಟೆ. ಹೊಸ ಬ್ಯಾಚಿನ ದ್ರಾವಣ ಬಂತು. ನೋಡಲು ತಿಳಿ ಚಹಾದ ಹಾಗೆ. ಒಳಗೆ ಕಣ್ಣಿಗೆ ಕಾಣದ ಕಬ್ಬಿಣದ ಕಣಗಳು. ತಂತಿ ಸುರುಳಿಯೊಳಗಿಟ್ಟು ಸ್ವಿಚ್ ಹಾಕಿದರೆ, ಅದರ ಕಾಂತಕ್ಷೇತ್ರದಿಂದ ಕಣಗಳು ಬಿಸಿಯಾಗುತ್ತವೆ. ದ್ರಾವಣ ಹಾಲು ಬೆರೆತ ಚಹಾದಂತಾಗಿ ಗಟ್ಟಿಯಾಗುತ್ತದೆ. ಎಷ್ಟು ಡಿಗ್ರಿಗೆ ಅಂತ ನೋಡಿ ಬರೆಯುವುದು ನನ್ನ ಕೆಲಸ.

ನಮ್ಮ ಯಜಮಾನರು ತೀರಿಹೋಗಿ ಇಂದಿಗೆ ಐದು ತಿಂಗಳು. ಅದೇ ಗುಂಗಿನಲ್ಲಿ ಕೈ ಜಾರಿತು. ಗಾಜಿನ ಥರ್ಮಾಮೀಟರ್ ಚೂರು ಚೂರು. ಯಾರೂ ನೋಡಲಿಲ್ಲ. ಡ್ರಾಯರಿನಲ್ಲಿದ್ದ ಸ್ಟೀಲ್ ಕಡ್ಡಿಯ ಥರ್ಮಾಮೀಟರನ್ನು ಹಾಕಿದೆ. ನಲವತ್ತೆರಡಕ್ಕೆ ಹಾಲಾಯಿತು. ಬರೆದೆ.

ಮಾರ್ಚ್ 4

ಅಂಕಿ ನೋಡಿ ಲ್ಯಾಬಿನ ಡಾಕ್ಟರಮ್ಮನಿಗೆ ಖುಷಿಯೋ ಖುಷಿ. "ಮೈ ಬಿಸಿ ಮೂವತ್ತೇಳು, ಇದು ನಲವತ್ತೆರಡು. ಆ ಐದು ಡಿಗ್ರಿನೇ ನಮ್ಮ ಕಾವಲು ಕಣಮ್ಮ. ಸುರುಳಿ ಹಿಡಿದ ಜಾಗದಲ್ಲಿ ಮಾತ್ರ ಗಟ್ಟಿಯಾಗಿ, ಗೆಡ್ಡೆಗೆ ರಕ್ತ ಹೋಗೋ ದಾರಿ ಮುಚ್ಚತ್ತೆ."

ನನ್ನ ತಂಗಿಗೆ ಇದೇ ಬ್ಯಾಚ್. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಯಜಮಾನರಿಗೆ ಇದ್ದಂಥದೇ ಗೆಡ್ಡೆ, ಲಿವರಿನಲ್ಲಿ. ಅವರ ಕಾಲಕ್ಕೆ ಈ ಮದ್ದು ಇರಲಿಲ್ಲ.

ಮಾರ್ಚ್ 8, ಮಧ್ಯಾಹ್ನ

ಅದೇ ಬ್ಯಾಚಿನ ಉಳಿದ ಸೀಸೆಯೊಂದನ್ನು ಫ್ರಿಜ್ಜಿನಿಂದ ತೆಗೆದೆ. ವಾಚ್‌ಮನ್ ಮಾತಿಗೆ ನಿಲ್ಲಿಸಿದ. ಸೀಸೆ ಹಿಡಿದಿದ್ದ ಮುಷ್ಟಿ ಬಿಚ್ಚಿದರೆ — ದ್ರಾವಣದ ಅಂಚಿನಲ್ಲಿ ಹಾಲಿನ ಮಸುಕು.

ಕಂಕುಳಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಕೂತೆ. ಪೂರ್ತಿ ಹಾಲು. ಸುರುಳಿ ಇಲ್ಲ, ಸ್ವಿಚ್ ಇಲ್ಲ. ಬರೀ ನನ್ನ ಮೈ ಬಿಸಿ.

ಬರೀ ನೀರಿನಲ್ಲಿ ಸ್ಟೀಲ್ ಕಡ್ಡಿ ಅದ್ದಿ ಸ್ವಿಚ್ ಹಾಕಿದೆ. ಅಂಕಿ ತಾನಾಗಿ ಏರಿತು. ಬೆರಳಿಗೆ ನೀರು ತಣ್ಣಗೇ ಇತ್ತು. ಸುರುಳಿಯಲ್ಲಿ ಕಡ್ಡಿಯೇ ಬಿಸಿಯಾಗುತ್ತದೆ... ನಾನು ಬರೆದದ್ದು ಕಡ್ಡಿಯ ಬಿಸಿ, ದ್ರಾವಣದ್ದಲ್ಲ.

ಸೂಜಿ ಚುಚ್ಚಿದ ಕೂಡಲೇ ಗಟ್ಟಿಯಾಗುತ್ತದೆ. ಎಲ್ಲಿ ಬೇಕಾದರೂ. ಎದೆಯಲ್ಲೂ.

ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತದೆ. ಅವರಿಲ್ಲದ ಮನೆಗೆ ಇದೊಂದೇ ಆಧಾರ.

ಮಾರ್ಚ್ 9

ಆಸ್ಪತ್ರೆಗೆ ಹೋದೆ. ತಂಗಿ ನಗುತ್ತಾಳೆ. "ಅಕ್ಕಾ, ಮೈಯೊಳಗೆ ಕಬ್ಬಿಣ ಬಿಡ್ತಾರಂತೆ. ಫ್ರಿಜ್ ಹತ್ರ ಹೋದ್ರೆ ಅಂಟ್ಕೊಂಡುಬಿಡ್ತೀನೇನೇ?"

"ಸುಮ್ನಿರೇ."

"ಯಾಕೆ ಮುಖ ಹೀಗೆ? ನೀನು ಅಳೆದಿದ್ದು ಅಂತ ಡಾಕ್ಟರಮ್ಮ ಹೇಳಿದ್ರು. ಅದಕ್ಕೇ ನಂಗೆ ಧೈರ್ಯ."

ಹೊರಗೆ ಬಂದು ಫೋನ್ ಮಾಡಿದೆ. ಡಾಕ್ಟರಮ್ಮನ ಫೋನ್ ಸ್ವಿಚ್ ಆಫ್. ಬೇರೆಯವರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 10, ಬೆಳಿಗ್ಗೆ 8:20

ಆಸ್ಪತ್ರೆಯ ವರಾಂಡ. ಎಂಟಕ್ಕೇ ತಂಗಿಯನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ಹನ್ನೊಂದು ಅಂದಿದ್ದರಲ್ಲ! ಡಾಕ್ಟರಮ್ಮ ಮೆಟ್ಟಿಲಲ್ಲಿ ಸಿಕ್ಕರು. ಎಲ್ಲ ಹೇಳಿದೆ — ಒಡೆದದ್ದು, ಬಚ್ಚಿಟ್ಟದ್ದು, ಕಂಕುಳು. ಸೀಸೆ ತೋರಿಸಿದೆ. ಬೈಯಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಓಡಿದರು.

8:31

ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

8:34

ದೀಪ ಆರಿತು. ಬಾಗಿಲು ತೆರೆಯಿತು. ಡಾಕ್ಟರಮ್ಮ. ಕೈಯಲ್ಲಿ ಸಿರಿಂಜ್. ತುಂಬಿದೆಯೋ ಖಾಲಿಯೋ ಇಲ್ಲಿಂದ ಕಾಣುತ್ತಿಲ್ಲ.