ಹೊರಗಿನ ಚಿಲಕ

ದಾವಣಗೆರೆ, ಆಷಾಢದ ಎರಡನೇ ಮಂಗಳವಾರ, 2126

ಮುತ್ತಜ್ಜ ನಿರಂಜನಪ್ಪನವರಿಗೆ, ನೀವು ಕಾಣದ ಮರಿಮೊಮ್ಮಗಳು ಶಾಂಭವಿಯ ನಮಸ್ಕಾರ. ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ, ನಮ್ಮ ಕಾಲದಲ್ಲಿ ಹಿಂದಿನ ಕಾಲದವರಿಗೂ ಪತ್ರ ಕಳಿಸಬಹುದು. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರ ಅನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿಮ್ಮ ತಂಗಿ ಸುವರ್ಣಾಳಂತೆ ನಾನೂ ಗಾಲಿಕುರ್ಚಿಯವಳು. ನನ್ನ ಮನೆ ಇರುವುದು ಜೊತೆಬೀದಿಯಲ್ಲಿ. ಅಂದರೆ ನಮ್ಮಂಥವರೂ, ನಡೆದಾಡುವವರೂ ಅಕ್ಕಪಕ್ಕ ಬಾಳುವ ಬೀದಿ. ಒಲೆಯ ಕಟ್ಟೆ ನನ್ನ ಎತ್ತರಕ್ಕೆ ಇಳಿಯುತ್ತದೆ. ಸ್ನಾನಕ್ಕೆ, ಬಟ್ಟೆಗೆ ನೆರವಾಗುವವರನ್ನು ನಾವು ಜೊತೆಗೈ ಅನ್ನುತ್ತೇವೆ. ಅವರನ್ನು ನಾವೇ ಆರಿಸುತ್ತೇವೆ, ಸರಿಹೋಗದಿದ್ದರೆ ನಾವೇ ಬಿಡಿಸುತ್ತೇವೆ. ನನ್ನ ಜೊತೆಗೈ ಹಾಲಮ್ಮ ಮೊದಲ ದಿನವೇ ಹೇಳಿದ್ದಳು, "ಕರೀದೇ ಬಂದ್ರೆ ಬೈದ್ಬಿಡು ನೀನು." ನಿನ್ನೆ ಉಪ್ಪಿಟ್ಟು ಸೀದುಹೋಯಿತು. ಅವಳು ಸೌಟು ಕಿತ್ತುಕೊಳ್ಳಲಿಲ್ಲ, ಇಬ್ಬರೂ ಸೀದದ್ದನ್ನೇ ತಿಂದೆವು. ಹದಿನೆಂಟು ತುಂಬಿದಾಗ ನಮ್ಮಲ್ಲಿ ಚಿಲಕದ ಶಾಸ್ತ್ರ ಮಾಡುತ್ತಾರೆ. ಬಾಗಿಲ ಒಳಗೆ, ನಮ್ಮ ಕೈಗೆ ಎಟಕುವಲ್ಲಿ, ನಾವೇ ಚಿಲಕ ಕೂರಿಸಬೇಕು. ಆಮೇಲೆ ಹೆತ್ತ ತಾಯಿಯೂ ಬಾಗಿಲು ಬಡಿದೇ ಒಳಗೆ ಬರಬೇಕು.

ಸುವರ್ಣಾ ಒಂದೇ ಬೆರಳಿನಿಂದ ಮೊಬೈಲಿನಲ್ಲಿ ಬರೆದಿಟ್ಟ ದಿನಚರಿ ನಮ್ಮ ಮನೆಯಲ್ಲಿದೆ. ಅದನ್ನು ಓದಿದಾಗಿನಿಂದ ನನ್ನ ಸಿಟ್ಟು ಆರಿಲ್ಲ. ಇಪ್ಪತ್ತೈದು ವರ್ಷದವಳು, ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸಂಪಾದಿಸುತ್ತಿದ್ದಳು. ನೆಲಮಾಳಿಗೆಯಲ್ಲ, ಮಹಡಿಯಲ್ಲ, ರಸ್ತೆಗೆ ಸಮನಾದ ಒಂದು ಬಾಡಿಗೆ ಮನೆಯನ್ನು ತಾನೇ ಹುಡುಕಿಕೊಂಡಳು. ಸಹಾಯಕ್ಕೆ ಬರುವವಳನ್ನೂ ಗೊತ್ತುಮಾಡಿಕೊಂಡಳು. ಮನೆಯ ಮಾಲೀಕರು ಬಾಡಿಗೆ ಕರಾರಿಗೆ ಅಣ್ಣನಾದ ನಿಮ್ಮ ಸಹಿಯೂ ಬೇಕೆಂದರು. ನೀವು ಕೇಳಿದಿರಿ: "ಅಣ್ಣ ಇರೋತನಕ ನಿಂಗ್ಯಾಕವ್ವ ಬೇರೆ ಮನಿ?" ಅವಳೆಂದಳು: "ನೀನ್ ಇರೋತನಕ ಅಲ್ಲಣ್ಣ, ನಾನ್ ಇರೋತನಕ ಬೇಕು."

ಮುಂದಿನದು ನಿಮಗೆ ಇನ್ನೂ ನಡೆದಿಲ್ಲ, ನನಗೆ ಹಳೆಯ ಕಥೆ: ನೀವು ಸಹಿ ಹಾಕಲಿಲ್ಲ. ಒಮ್ಮೆ ಹೊಸ್ತಿಲಲ್ಲಿ ಬಿದ್ದಳೆಂದು, ಮತ್ತೆ ಬೀಳಬಾರದೆಂದು, ಅವಳಿದ್ದ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದಿರಿ. ಪ್ರೀತಿಯಿಂದಲೇ ಹಾಕಿಸಿದಿರಿ, ಗೊತ್ತು. ಅತಿಯಾದರೆ ಅಮೃತವೂ ವಿಷ ಎಂದು ನಿಮಗೆ ಯಾರೂ ಹೇಳಲಿಲ್ಲವೇ? ನೀವು ಹೋದ ಮೇಲೆ ನಿಮ್ಮ ಮಕ್ಕಳು ಅವಳನ್ನು ಮೂರು ಮನೆಗಳಿಗೆ ತಿಂಗಳ ಸರದಿಯಂತೆ ಸಾಗಿಸಿದರು. ಊರೆಲ್ಲ ನಿಮ್ಮನ್ನು ಎಂಥ ಅಣ್ಣ ಎಂದು ಹೊಗಳಿತು. ನನಗೆ ನಾಚಿಕೆಯಾಗುತ್ತದೆ.

ಈ ಪತ್ರ ನಿಮ್ಮ ಕೈಸೇರುವ ದಿನವನ್ನು ಲೆಕ್ಕಹಾಕಿಯೇ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಮಾಲೀಕರು ಕರಾರುಪತ್ರ ತರುತ್ತಾರೆ. ಸಹಿ ಹಾಕಿ. ಅವಳು ಬೀಳಬಹುದು. ಉಪ್ಪಿಟ್ಟು ಸೀಯಬಹುದು. ವಾರಕ್ಕೊಮ್ಮೆ ಹೋಗಿ, ಬಾಗಿಲು ಬಡಿಯಿರಿ, ತೆರೆಯುವವರೆಗೆ ಹೊರಗೆ ನಿಂತಿರಿ.

ನೀವು ಹಾಕಿಸಿದ ಆ ಹಿತ್ತಾಳೆ ಚಿಲಕ ಹಳೆಯ ಸಾಮಾನಿನಲ್ಲಿ ನನಗೆ ಸಿಕ್ಕಿತು. ನನ್ನ ಬಾಗಿಲಿಗೆ ಅದನ್ನೇ ಹಾಕಿಕೊಂಡಿದ್ದೇನೆ, ಒಳಗಡೆಗೆ.