ಜ್ವರ ತಂದು ತೋರಿಸಿ ಎಂದವರಿಗೆ

ಅಪರೂಪದ ಕಾಯಿಲೆಗಳ ಔಷಧ ಮಂಜೂರಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ಆರೋಗ್ಯವಾಗಿದ್ದಳು ಎಂಬ ಒಂದೇ ಅಪರಾಧಕ್ಕೆ ನೀವು ಅವಳ ಔಷಧ ನಿಲ್ಲಿಸಿದಿರಿ. ನಾನು ಕಟ್ಟಿದ ಮಾತಲ್ಲ, ನಿಮ್ಮ ಆದೇಶವೇ ಹಾಗಿದೆ: ‘ರೋಗಿಗೆ ಸದ್ಯ ಜ್ವರವಿಲ್ಲ, ದದ್ದುಗಳಿಲ್ಲ, ರಕ್ತದಲ್ಲಿ ಉರಿಯೂತದ ಪ್ರಮಾಣ ಸಾಮಾನ್ಯ. ಆದ್ದರಿಂದ ಚುಚ್ಚುಮದ್ದಿನ ಅಗತ್ಯ ಸಾಬೀತಾಗಿಲ್ಲ.’ ಆಹಾ, ಬರೆದ ಕೈಗೊಂದು ದೊಡ್ಡ ನಮಸ್ಕಾರ. ಮುಚ್ಚಳ ಹಾಕಿದ್ದರಿಂದ ಬೆಕ್ಕು ಹಾಲು ಕುಡಿಯಲಿಲ್ಲ. ನೀವು ಬೆಕ್ಕೇ ಇಲ್ಲವೆಂದು ತೀರ್ಮಾನಿಸಿ ಮುಚ್ಚಳ ತೆಗೆಸಿದಿರಿ.

ನಮ್ಮ ಮನೆಯ ಕಥೆ ಸ್ವಲ್ಪ ಕೇಳಿ. ಅಜ್ಜನ ಕಾಲದಿಂದ ನಾವು ಮುದ್ರಣಾಲಯದಲ್ಲಿ ಯಂತ್ರ ನಡೆಸಿದವರು. ಅಜ್ಜನಿಗೆ ಕಿವಿ ಮಂದ, ಅಪ್ಪನಿಗೆ ಮಂದ, ನನಗಂತೂ ಕಿರುಚಿದರೆ ಮಾತ್ರ ಕೇಳಿಸುತ್ತದೆ. “ಅನ್ನ ಹಾಕೋ ಯಂತ್ರ, ಕಿವಿ ತಗೊಂಡ್ರೆ ತಗೊಳ್ಳಲಿ ಬಿಡೋ” ಎನ್ನುತ್ತಿದ್ದರು ಅಪ್ಪ. ಚಳಿ ತಾಗಿದರೆ ಸಾಕು, ನಮಗೆಲ್ಲ ಮೈತುಂಬ ದದ್ದು, ಕೆಂಪು ಕಣ್ಣು, ಕೀಲುನೋವು, ಜ್ವರ. ಅದಕ್ಕೆ ಶಾಯಿ ಮೈಗೆ ಒಗ್ಗುವುದಿಲ್ಲ ಎಂಬ ಕಾರಣ ಸಿದ್ಧವಿತ್ತು. ಆದರೆ ನನ್ನ ಅಕ್ಕ ಮುದ್ರಣಾಲಯದ ಹೊಸ್ತಿಲನ್ನೂ ತುಳಿದವಳಲ್ಲ. ಅವಳ ಕಿವಿಯೂ ಹೋಯಿತು. “ಕೆಲಸ ಹೇಳಿದಾಗ ಮಾತ್ರ ಇವಳಿಗೆ ಕೇಳ್ಸಲ್ಲ” ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ಮೂತ್ರಪಿಂಡ ಕೆಟ್ಟು ಅವಳು ತೀರಿಕೊಂಡಾಗಲೂ ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಮಗಳನ್ನು ನೋಡಿದ ಕೀಲುರೋಗದ ವೈದ್ಯೆಗೆ. ಅವರು ಜ್ವರದ ವಿಚಾರ ಬಿಟ್ಟು, “ನಿಮ್ಮ ಮನೇಲಿ ಯಾರ್ಯಾರಿಗೆ ಕಿವಿ ಮಂದ?” ಎಂದು ಕೇಳಿದರು. ಜೀನ್ ಪರೀಕ್ಷೆ ಮಾಡಿಸಿದರು. ಆಮೇಲೆ ಕೂರಿಸಿಕೊಂಡು ಹೇಳಿದರು: “ಇದು ಸೋಂಕಲ್ಲ. ಮೈಯೊಳಗಿನ ಕಾವಲುಗಾರ ಕಳ್ಳ ಬಂದಾಗ ಕೂಗ್ಬೇಕು. ನಿಮ್ಮ ವಂಶದಲ್ಲಿ ಕಳ್ಳ ಬರದಿದ್ರೂ ಕೂಗ್ತಾನೇ ಇರ್ತಾನೆ.” ಆ ಕೂಗಿನ ಹೆಸರು ಇಂಟರ್‌ಲ್ಯೂಕಿನ್-೧. ವರ್ಷಗಟ್ಟಲೆ ಕೂಗಿದರೆ ಒಳಕಿವಿ ಹಾಳಾಗುತ್ತದೆ, ಮೂತ್ರಪಿಂಡದಲ್ಲಿ ಬೇಡದ ಪ್ರೋಟೀನು ಕೂತು ಅದನ್ನು ಕೆಡಿಸುತ್ತದೆ. ಚುಚ್ಚುಮದ್ದು ಕೂಗನ್ನು ತಡೆಯುತ್ತದೆ, ಜೀನನ್ನು ತಿದ್ದುವುದಿಲ್ಲ. ಆದ್ದರಿಂದಲೇ ನಿಲ್ಲಿಸುವಂತಿಲ್ಲ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾನು ಅವಳಿಗೆ ಕೊಟ್ಟ ಪಿತ್ರಾರ್ಜಿತ ಆಸ್ತಿ ಇದೊಂದೇ. ನನಗೂ ಔಷಧ ಬೇಕಂತೆ. ನನ್ನ ಅರ್ಜಿ ನಿಮ್ಮಲ್ಲೇ ಎಲ್ಲೋ ಮಲಗಿದೆ, ಮಲಗಲಿ ಬಿಡಿ.

ಚುಚ್ಚುಮದ್ದು ಶುರುವಾದ ವಾರದಲ್ಲೇ ಮಗಳ ಮೈ ತಿಳಿಯಾಯಿತು. ಹನ್ನೆರಡು ವರ್ಷದ ಹುಡುಗಿ, ಜೀವನದಲ್ಲಿ ಮೊದಲ ಸಲ ಹೆದರದೆ ಐಸ್‌ಕ್ರೀಮ್ ತಿಂದಳು. ಅಷ್ಟರಲ್ಲಿ ನಿಮ್ಮ ವಾರ್ಷಿಕ ಪರಿಶೀಲನೆ ಬಂತು.

ಆದೇಶ ಹಿಡಿದು ನಿಮ್ಮ ಕಚೇರಿಗೆ ಓಡಿದೆವು. ಕಿಟಕಿಯಾಚೆಯ ಗುಮಾಸ್ತರು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಎಲ್ಲಿ ಹೋದರೂ ನನಗೆ ಕಿವಿಯಾಗಿ ಬರುವವಳು ಮಗಳೇ. ಅವಳು ನನ್ನ ಕಿವಿಗೆ ಬಾಯಿಟ್ಟು ಜೋರಾಗಿ ಹೇಳಿದಳು: “ಔಷಧ ಇಲ್ದೆ ಸ್ವಲ್ಪ ದಿನ ಇರ್ಲಿ, ಜ್ವರ ಬಂದಾಗ ಕರ್ಕೊಂಡ್ ಬಂದು ರಕ್ತ ತೋರ್ಸಿ ಅಂತಿದಾರೆ ಅಪ್ಪ.” ಅವಳಿಗೆ ಬರಬೇಕಾದ ಜ್ವರದ ವಿಷಯವನ್ನು ಅವಳ ಬಾಯಿಂದಲೇ ಹೇಳಿಸಿದಿರಿ. “ಅಷ್ಟರಲ್ಲಿ ಕಿವಿ ಹೋದ್ರೆ?” ಎಂದೆ. ಅಪಶಕುನ ನುಡಿಯಬೇಡಿ ಎಂದರಂತೆ.

ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಮಗಳು ಒದ್ದೆ ಟವೆಲ್ ಹೊದ್ದು ಫ್ಯಾನಿನ ಕೆಳಗೆ ಕೂತಿದ್ದಳು. ತುಟಿ ನಡುಗುತ್ತಿತ್ತು.

“ಏನ್ ಮಾಡ್ತಿದ್ದೀಯೇ, ಹುಚ್ಚು ಹಿಡೀತಾ ನಿಂಗೆ?”

ಅವಳು ನನ್ನ ಕಿವಿಗೆ ಬಾಯಿಟ್ಟಳು: “ಬೇಗ ಜ್ವರ ಬರ್ಲಿ ಅಂತ ಅಪ್ಪ. ಬೇಗ ಬಂದ್ರೆ ಬೇಗ ಔಷಧ ಕೊಡ್ತಾರಲ್ವಾ?”

ಫ್ಯಾನ್ ಆರಿಸಿದೆ. ಅವಳನ್ನು ತಬ್ಬಿಕೊಂಡು ಅತ್ತೆ. ಯಾವ ನಿಯಮಾವಳಿಯ ಯಾವ ಕಲಮಿನಲ್ಲಿ ಇದನ್ನು ಬರೆದಿದ್ದೀರಿ, ಸ್ವಾಮಿ?

ಜ್ವರ ಬಂತು. ನಿಮ್ಮ ಸಮಿತಿ ಮಾತ್ರ ಸೇರಲಿಲ್ಲ. ಒಮ್ಮೆ ಸದಸ್ಯರು ಸಾಲಲಿಲ್ಲವಂತೆ, ಇನ್ನೊಮ್ಮೆ ತಮಗೆ ಪ್ರವಾಸವಂತೆ. ತಿಂಗಳುಗಟ್ಟಲೆ ಅವಳು ಉರಿದಳು. ಕೊನೆಗೆ ಬರಹೇಳಿ ಕಾಗದ ಬಂತು, ಅದೇ ಕಿಟಕಿಯ ಮುಂದೆ ನಿಂತೆವು. ಗುಮಾಸ್ತರು ಏನೋ ಹೇಳಿದರು. ನಾನು ಎಂದಿನಂತೆ ಮಗಳ ಕಡೆ ತಿರುಗಿದೆ. ಅವಳು ಕಿವಿಯ ಹಿಂದೆ ಕೈ ಇಟ್ಟು, ಥೇಟ್ ನನ್ನ ಅಕ್ಕನ ಹಾಗೆ ಕತ್ತು ಮುಂದೆ ಚಾಚಿ, “ಏನಂದ್ರಿ?” ಎಂದಳು.

ಅವರು ಹೇಳಿದ್ದು ‘ಮಂಜೂರಾಗಿದೆ’ ಎಂದು. ಆಮೇಲೆ ಚೀಟಿಯಲ್ಲಿ ಬರೆದು ತೋರಿಸಿದರು. ಈಗ ಜ್ವರ ಇಳಿದಿದೆ. ಹೋದ ಕಿವಿ ತಿರುಗಿ ಬರುವುದು ಅನುಮಾನ ಎನ್ನುತ್ತಾರೆ ವೈದ್ಯೆ. ಇನ್ನೂ ಮೂತ್ರಪಿಂಡಗಳಿವೆ, ಮುಂದಿನ ವರ್ಷದ ನಿಮ್ಮ ಪರಿಶೀಲನೆಯೂ ಇದೆ.

ಅದಕ್ಕೆ ಮೊದಲು ಆ ನಿಯಮವನ್ನು ಹೊಡೆದುಹಾಕಿ. ಜೀನಿನ ವರದಿಯೇ ಜೀವನಪರ್ಯಂತದ ಸಾಕ್ಷಿ ಎಂದು ಆದೇಶಿಸಿ. ಔಷಧದಿಂದ ಚೆನ್ನಾಗಿರುವ ಯಾವ ಮಗುವಿನ ಔಷಧವನ್ನೂ, ಚೆನ್ನಾಗಿದೆ ಎಂಬ ಕಾರಣಕ್ಕೆ ನಿಲ್ಲಿಸಕೂಡದು. ಉತ್ತರವನ್ನು ಕಾಗದದಲ್ಲೇ ಬರೆದು ಕಳಿಸಿ. ಫೋನ್ ಮಾಡಬೇಡಿ. ನಮ್ಮ ಮನೆಯಲ್ಲಿ ಫೋನ್ ಎತ್ತಿ, ಕೇಳಿಸಿಕೊಂಡು, ನನಗೆ ಹೇಳುತ್ತಿದ್ದವಳು ಅವಳೊಬ್ಬಳೇ.

ಇಂತಿ,
ಮಗಳಿಗೆ ಬೇಗ ಜ್ವರ ಬರಲೆಂದು ಬೇಡಿಕೊಂಡ ಒಬ್ಬ ಅಪ್ಪ